55 ಪತ್ರಿಕೆಗಳಿಗೆ ಗುರಿಯಿಟ್ಟ ಆನಿ ಓಕ್ಲಿ

ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೆ ಹೋದವರಲ್ಲಿ ಬಲೂನಿಗೆ ಗುರಿಯಿಡುವ ಅಂಗಡಿಯ ಮುಂದೆ ಒಮ್ಮೆಯೂ ನಿಲ್ಲದವರು ವಿರಳ. ಹಲಗೆಯ ಮೇಲೆ ಸಾಲಾಗಿ ಕಟ್ಟಿದ ಬಣ್ಣದ ಬಲೂನುಗಳು, ಇತ್ತ ಮೇಜಿನ ಮೇಲೆ ಹಳೆಯದೊಂದು ಗಾಳಿಬಂದೂಕು. ಬಲೂನು ಒಡೆದರೆ ಹೊಡೆದವನು ತನ್ನ ಕಣ್ಣನ್ನು ಮೆಚ್ಚಿಕೊಳ್ಳುತ್ತಾನೆ. ಒಡೆಯದಿದ್ದರೆ ಬಂದೂಕಿನ ನಳಿಗೆ ಡೊಂಕೆಂದು ದೂರುತ್ತಾನೆ. ಹಿಂದೆ ನಿಂತ ಮಕ್ಕಳಿಗೆ ಎರಡೂ ಮೋಜೇ.

ಇದೇ ಮೋಜನ್ನು ಅಮೆರಿಕದ ಜನ ದೊಡ್ಡ ಸ್ಪರ್ಧೆಯನ್ನಾಗಿ ಬೆಳೆಸಿದ್ದಾರೆ. ಕೌಬಾಯ್ ಆ್ಯಕ್ಷನ್ ಶೂಟಿಂಗ್ ಎಂಬುದು ಅದರ ಹೆಸರು. 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವರು ಹವ್ಯಾಸಕ್ಕಾಗಿ ಶುರುಮಾಡಿದ ಈ ಆಟಕ್ಕೆ 1987ರಲ್ಲಿ ಸಂಸ್ಥೆಯೂ ಹುಟ್ಟಿಕೊಂಡಿತು. ಸ್ಪರ್ಧಿಗಳು ಹತ್ತೊಂಬತ್ತನೇ ಶತಮಾನದ ವೇಷ ತೊಡಬೇಕು, ಆ ಕಾಲದ ಮಾದರಿಯ ರಿವಾಲ್ವರು, ರೈಫಲ್ಲು, ಜೋಡುನಳಿಗೆಯ ಬಂದೂಕುಗಳನ್ನೇ ಹಿಡಿಯಬೇಕು, ನಿಜ ಹೆಸರನ್ನು ಬದಿಗಿಟ್ಟು ಕೌಬಾಯ್ ಕಾಲದ್ದೊಂದು ಅಡ್ಡಹೆಸರು ಇಟ್ಟುಕೊಳ್ಳಬೇಕು. ಗುರಿ ತಪ್ಪಿದ ಒಂದೊಂದು ಗುಂಡಿಗೂ ಐದೈದು ಸೆಕೆಂಡು ದಂಡ. ಅವಸರದಲ್ಲಿ ಕಾಡತೂಸು ಕೈಜಾರಿ ಬೀಳುವುದು, ಟೋಪಿ ಕಣ್ಣಿಗೆ ಅಡ್ಡ ಬರುವುದು, ಎಣಿಕೆ ತಪ್ಪಿ ಹೊಡೆದ ಗುರಿಗೇ ಮತ್ತೆ ಹೊಡೆಯುವುದು ಇಲ್ಲಿ ನಗೆಯ ಸರಕು.

ಈ ವೇಷ, ಈ ಅಡ್ಡಹೆಸರು, ಬಂದೂಕನ್ನು ಯುದ್ಧದಿಂದಲೂ ಬೇಟೆಯಿಂದಲೂ ಬಿಡಿಸಿ ಆಟದ ಅಂಗಳಕ್ಕೆ ತಂದು ನಿಲ್ಲಿಸಿದ ಈ ಪರಿ, ಇವೆಲ್ಲದರ ಹಿಂದೆ ನೂರು ವರ್ಷಗಳಿಗೂ ಹಿಂದಿನ ಒಬ್ಬ ಹೆಣ್ಣುಮಗಳ ನೆರಳಿದೆ. ಐದಡಿ ಎತ್ತರದ, ತನ್ನ ಬಟ್ಟೆಯನ್ನು ತಾನೇ ಹೊಲಿದುಕೊಳ್ಳುತ್ತಿದ್ದ ಆನಿ ಓಕ್ಲಿ. ಕೌಬಾಯ್ ನಾಡಿನ ಪ್ರತೀಕವೆಂದು ಜಗತ್ತು ಕೊಂಡಾಡಿದ ಆಕೆ ಆ ನಾಡಿನವಳೇ ಅಲ್ಲ. ಓಹಾಯೊ ರಾಜ್ಯದ ಬಡ ರೈತನ ಮಗಳು. ಗುರಿ ತಪ್ಪದವಳೆಂದು ಹೆಸರಾದ ಆಕೆಯ ಬದುಕಿನ ಅತಿ ದೀರ್ಘ ಸ್ಪರ್ಧೆ ನಡೆದದ್ದು ಮೈದಾನದಲ್ಲೂ ಅಲ್ಲ, ನ್ಯಾಯಾಲಯದಲ್ಲಿ, ಎದುರಾಳಿಗಳು ಪತ್ರಿಕೆಗಳು.

ಹೊಟ್ಟೆಪಾಡಿನ ಬಂದೂಕು

1860ರ ಆಗಸ್ಟ್ 13ರಂದು ಓಹಾಯೊದ ಡಾರ್ಕ್ ಕೌಂಟಿಯ ಮರದ ದಿಮ್ಮಿಗಳ ಮನೆಯೊಂದರಲ್ಲಿ ಹುಟ್ಟಿದ ಮಗುವಿಗೆ ಇಟ್ಟ ಹೆಸರು ಫೀಬಿ ಆನ್. ತಂದೆ ಜೇಕಬ್, ತಾಯಿ ಸೂಸನ್. ಇಬ್ಬರೂ ಹಿಂಸೆಯನ್ನು ಒಪ್ಪದ ಕ್ವೇಕರ್ ಪಂಥದವರು. ಬಂದೂಕಿನಿಂದ ಲೋಕಪ್ರಸಿದ್ಧಳಾದವಳು ಇಂಥ ಮನೆಯಲ್ಲಿ ಹುಟ್ಟಿದ್ದು ಒಂದು ವಿಚಿತ್ರ. 1865ರ ಚಳಿಗಾಲದಲ್ಲಿ ದಿನಸಿ ತರಲು ಹೋದ ತಂದೆ ಹಿಮದ ಬಿರುಗಾಳಿಗೆ ಸಿಕ್ಕಿ, ಮನೆ ಸೇರಿದರೂ ಚೇತರಿಸಿಕೊಳ್ಳದೆ ಕೆಲವೇ ತಿಂಗಳಲ್ಲಿ ತೀರಿಕೊಂಡ. ಆನಿಗೆ ಆಗ ಇನ್ನೂ ಆರು ತುಂಬಿರಲಿಲ್ಲ. ಮನೆತುಂಬ ಮಕ್ಕಳು, ಕೈಯಲ್ಲಿ ಕಾಸಿಲ್ಲ. ಏಳರ ಹುಡುಗಿ ಬಲೆಯೊಡ್ಡಿ ಹಕ್ಕಿ ಹಿಡಿಯತೊಡಗಿದಳು. ಎಂಟರ ಹೊತ್ತಿಗೆ ತಂದೆಯ ಹಳೆಯ ಬಂದೂಕು ಕೈಗೆ ಬಂತು.

ಅಷ್ಟಾದರೂ ತಾಯಿಗೆ ಎಲ್ಲ ಮಕ್ಕಳನ್ನು ಸಾಕಲಾಗಲಿಲ್ಲ. 1870ರಲ್ಲಿ ಆನಿಯನ್ನು ಜಿಲ್ಲೆಯ ಅನಾಥಾಲಯಕ್ಕೆ ಸೇರಿಸಲಾಯಿತು. ಹೊಲಿಗೆ, ಕಸೂತಿ ಕಲಿತದ್ದು ಅಲ್ಲೇ. ಸ್ವಲ್ಪ ದಿನಕ್ಕೆ ಕುಟುಂಬವೊಂದು ಮಗು ನೋಡಿಕೊಳ್ಳಲು ಹುಡುಗಿ ಬೇಕೆಂದು ಬಂದು, ವಾರಕ್ಕೆ 50 ಸೆಂಟ್ ಸಂಬಳ, ಜೊತೆಗೆ ಶಾಲೆ ಎಂದು ಹೇಳಿ ಕರೆದೊಯ್ದಿತು. ಸಂಬಳವೂ ಇಲ್ಲ, ಶಾಲೆಯೂ ಇಲ್ಲ. ಸಿಕ್ಕಿದ್ದು ಹಗಲಿರುಳಿನ ಚಾಕರಿ ಮತ್ತು ಏಟು. ಒಂದು ರಾತ್ರಿ ಬಟ್ಟೆಗೆ ತೇಪೆ ಹಾಕುತ್ತ ತೂಕಡಿಸಿದ್ದಕ್ಕೆ ಮನೆಯೊಡತಿ ಆಕೆಯನ್ನು ಬರಿಗಾಲಲ್ಲಿ ಹಿಮದೊಳಕ್ಕೆ ದಬ್ಬಿ ಬಾಗಿಲು ಹಾಕಿದಳು. ಸುಮಾರು ಎರಡು ವರ್ಷ ತಡೆದುಕೊಂಡ ಹುಡುಗಿ ಕಡೆಗೆ ಅಲ್ಲಿಂದ ಓಡಿಬಂದಳು. ಆ ಮನೆಯವರ ಹೆಸರನ್ನು ಆಕೆ ಕಡೆಯವರೆಗೂ ಎಲ್ಲಿಯೂ ಹೇಳಲಿಲ್ಲ. ನೆನಪುಗಳನ್ನು ಬರೆಯುವಾಗ ತೋಳಗಳು ಎಂದಷ್ಟೇ ಕರೆದಳು. ಹೆಸರು ಎಂಬುದಕ್ಕೆ ಆಕೆ ಕೊಟ್ಟ ಬೆಲೆ ಎಂಥದೆಂದು ಮುಂದೆ ಬರುವ ಪ್ರಸಂಗ ಹೇಳುತ್ತದೆ.

ಊರಿಗೆ ಮರಳಿದ ಮೇಲೆ ಬೇಟೆಯೇ ದುಡಿಮೆಯಾಯಿತು. ಕಾಡಿನ ಅಂಚಿನ ಆ ಹಳ್ಳಿಯಿಂದ ಗ್ರೀನ್‌ವಿಲ್ ಪಟ್ಟಣಕ್ಕೆ ಇರುವ ದೂರ ಸರಿಸುಮಾರು ಕಮಲಾಪುರದಿಂದ ಕಲಬುರಗಿಗೆ ಇರುವಷ್ಟೇ. ಕಮಲಾಪುರದ ಕೆಂಪು ಬಾಳೆ ಕಲಬುರಗಿಯ ಮಾರುಕಟ್ಟೆಗೆ ಬಂದು ಅಲ್ಲಿಂದ ದೂರದೂರಿಗೆ ಹೋಗುವ ಹಾಗೆ, ಆನಿ ಹೊಡೆದ ಹಕ್ಕಿ, ಮೊಲಗಳು ಗ್ರೀನ್‌ವಿಲ್‌ನ ಅಂಗಡಿಗೆ ಬಂದು, ಅಲ್ಲಿಂದ ಸಿನ್ಸಿನಾಟಿ ನಗರದ ಹೋಟೆಲುಗಳಿಗೆ ಹೋಗುತ್ತಿದ್ದವು. ಮೈತುಂಬ ಚರೆಗುಂಡು ಹೊಕ್ಕ ಹಕ್ಕಿಯನ್ನು ಹೋಟೆಲಿನವರು ಕೊಳ್ಳುವುದಿಲ್ಲ, ತಿನ್ನುವವರ ಹಲ್ಲಿಗೆ ಸೀಸ ಸಿಗುತ್ತದೆ. ಮಾಂಸ ಕೆಡದಂತೆ ಹೊಡೆಯುವುದನ್ನು ಆಕೆಗೆ ಕಲಿಸಿದ್ದು ಯಾವ ಗುರುವೂ ಅಲ್ಲ, ಈ ವ್ಯಾಪಾರ. ಹದಿನೈದರ ವಯಸ್ಸಿಗೆ ತಾಯಿಯ ಜಮೀನಿನ ಮೇಲಿದ್ದ 200 ಡಾಲರ್ ಸಾಲವನ್ನು ಬೇಟೆಯ ದುಡ್ಡಿನಿಂದಲೇ ತೀರಿಸಿದಳು.

ನೂರು ಡಾಲರಿನ ಪಣ

ಫ್ರಾಂಕ್ ಬಟ್ಲರ್ ಐರ್ಲೆಂಡಿನಿಂದ ಅಮೆರಿಕಕ್ಕೆ ವಲಸೆ ಬಂದು ನಾಟಕಶಾಲೆಗಳಲ್ಲಿ ಬಂದೂಕಿನ ಕಸರತ್ತು ತೋರಿಸುತ್ತಿದ್ದವ. ಹೋದ ಊರಲ್ಲೆಲ್ಲ ಸ್ಥಳೀಯರಿಗೆ ಸವಾಲು ಹಾಕಿ ಪಣ ಗೆಲ್ಲುವುದು ಆತನ ಉಪವೃತ್ತಿ. ಸಿನ್ಸಿನಾಟಿಯ ಹೋಟೆಲ್ ಮಾಲೀಕನೊಬ್ಬ ನೂರು ಡಾಲರಿನ ಪಣಕ್ಕೆ ಒಪ್ಪಿ, ತನ್ನ ಕಡೆಯ ಸ್ಪರ್ಧಿಯನ್ನು ಗುಟ್ಟಾಗಿಟ್ಟ. ಪಂದ್ಯದ ದಿನ ಎದುರಿಗೆ ಬಂದು ನಿಂತದ್ದು ಗಿಡ್ಡ ಲಂಗದ, ಎರಡು ಜಡೆಯ ಹಳ್ಳಿ ಹುಡುಗಿ. ಬಟ್ಲರ್ ನಗಲೂ ಇಲ್ಲ, ಹಿಂಜರಿಯಲೂ ಆಗಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಹಾರುವ ಗುರಿಗಳನ್ನು ಉರುಳಿಸುತ್ತ ಹೋದರು. ಜನಪ್ರಿಯ ಕಥನದಂತೆ ಕಡೆಯ, ಇಪ್ಪತ್ತೈದನೆಯ ಗುರಿ ಬಟ್ಲರನ ಕೈ ತಪ್ಪಿತು, ಹುಡುಗಿಯದು ತಪ್ಪಲಿಲ್ಲ.

ಪಂದ್ಯ ನಡೆದದ್ದು 1875ರಲ್ಲಿ ಎಂದು ಒಂದು ಲೆಕ್ಕ, 1881ರಲ್ಲಿ ಎಂದು ಇನ್ನೊಂದು. ಎರಡನೆಯದಕ್ಕೇ ಇಂದಿನ ಸಂಶೋಧಕರ ಒಲವು ಹೆಚ್ಚು. ಪಣ ಸೋತ ಬಟ್ಲರ್ ಗೆದ್ದವಳಿಗೇ ಮನಸೋತು, ತನ್ನ ಪ್ರದರ್ಶನಕ್ಕೆ ಆಕೆಯ ಮನೆಯವರಿಗೆಲ್ಲ ಟಿಕೆಟು ಕೊಟ್ಟು ಕರೆಸಿದ. ಆನಿ ಮೊದಲು ಮೆಚ್ಚಿದ್ದು ಆತನನ್ನಲ್ಲ, ಆತನ ನಾಯಿಯನ್ನು ಎಂಬ ಮಾತಿದೆ. ಮದುವೆಯ ವರ್ಷದ ಬಗ್ಗೆಯೂ ಇದೇ ಜಗಳ. ಕೆನಡಾದ ವಿಂಡ್ಸರ್‌ನಲ್ಲಿ 1882ರ ಜೂನ್‌ನಲ್ಲಿ ನಡೆದ ಮದುವೆಗೆ ದಾಖಲೆಯಿದೆ.

ವೇದಿಕೆ ಹತ್ತಿದ್ದು ಆಕಸ್ಮಿಕವಾಗಿ. 1882ರ ಮೇ 1ರಂದು ಓಹಾಯೊದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಬಟ್ಲರನ ಜೊತೆಗಾರ ಕಾಯಿಲೆ ಬಿದ್ದ. ಗುರಿ ಹಿಡಿದು ನಿಲ್ಲಲೆಂದು ಹೋದವಳು ಬಂದೂಕನ್ನೇ ಹಿಡಿದು ನಿಂತಳು. ಜನ ಆಕೆಗೇ ಚಪ್ಪಾಳೆ ತಟ್ಟಿದರು. ಓಕ್ಲಿ ಎಂಬ ವೇದಿಕೆಯ ಹೆಸರು ಬಂದದ್ದು ಆಮೇಲೆ. ಬಟ್ಲರ್ ಮೆಲ್ಲಗೆ ಹಿಂದೆ ಸರಿದು, ಹೆಂಡತಿಯ ವ್ಯವಸ್ಥಾಪಕನಾಗಿ, ಆಕೆ ಹೊಡೆಯುವ ಗುರಿಗಳನ್ನು ಎಸೆಯುವವನಾಗಿ ಉಳಿದ. ಗಂಡಸು ತನ್ನ ಸೋಲನ್ನೇ ಬದುಕನ್ನಾಗಿ ಮಾಡಿಕೊಂಡು ನಾಲ್ಕು ದಶಕಗಳಿಗೂ ಮಿಕ್ಕಿ ನಗುನಗುತ್ತ ಇದ್ದ ಉದಾಹರಣೆ ಆ ಕಾಲದಲ್ಲಿ ಹೆಚ್ಚಿಲ್ಲ, ಈ ಕಾಲದಲ್ಲೂ ಹೆಚ್ಚಿರಲಾರದು. 1946ರಲ್ಲಿ ಆಕೆಯ ಕಥೆಯನ್ನು ಸಂಗೀತನಾಟಕ ಮಾಡಿದವರಿಗೆ ಇದು ನಂಬಲಾಗಲಿಲ್ಲವೇನೋ; ಅದರಲ್ಲಿ ನಾಯಕಿ ಪ್ರೀತಿಗಾಗಿ ಬೇಕೆಂದೇ ಪಂದ್ಯ ಸೋಲುತ್ತಾಳೆ.

ದೋಣಿ ಮುಳುಗಿ ತೆರೆದ ಬಾಗಿಲು

ಬಫಲೋ ಬಿಲ್ ಎಂದೇ ಹೆಸರಾದ ವಿಲಿಯಂ ಕೋಡಿಯ ವೈಲ್ಡ್ ವೆಸ್ಟ್ ಕಂಪನಿ ಆ ದಿನಗಳ ಬಹುದೊಡ್ಡ ಬಯಲು ಪ್ರದರ್ಶನ. ಕುದುರೆ ಸವಾರರು, ಕಾಡೆಮ್ಮೆಗಳು, ಮೂಲನಿವಾಸಿ ಯೋಧರು, ಕೋಚುಗಾಡಿಯ ದರೋಡೆ, ಎಲ್ಲವೂ ಅದರಲ್ಲಿತ್ತು. ಆನಿ ಕೆಲಸ ಕೇಳಿಕೊಂಡು ಹೋದಾಗ ಕೋಡಿ ಒಲ್ಲೆನೆಂದ. ಕಂಪನಿಯಲ್ಲಿ ಆಗಲೇ ಕ್ಯಾಪ್ಟನ್ ಬೊಗಾರ್ಡಸ್ ಎಂಬ ಹೆಸರಾಂತ ಗುರಿಕಾರನಿದ್ದ. ಅಷ್ಟರಲ್ಲಿ, 1884ರ ಕೊನೆಯಲ್ಲಿ, ಕಂಪನಿಯ ಸರಕು ಹೊತ್ತ ಉಗಿದೋಣಿ ಮಿಸಿಸಿಪ್ಪಿ ನದಿಯಲ್ಲಿ ಇನ್ನೊಂದಕ್ಕೆ ಡಿಕ್ಕಿ ಹೊಡೆದು ಮುಳುಗಿತು. ಬೊಗಾರ್ಡಸ್‌ನ ಬಂದೂಕುಗಳು ನೀರುಪಾಲಾದವು. ಮೇಲಿಂದ ನ್ಯೂ ಆರ್ಲಿಯನ್ಸ್‌ನಲ್ಲಿ ವಾರಗಟ್ಟಲೆ ಸುರಿದ ಮಳೆ. ಬೇಸತ್ತ ಬೊಗಾರ್ಡಸ್ ಕಂಪನಿ ಬಿಟ್ಟ. ತೆರವಾದ ಜಾಗಕ್ಕೆ 1885ರ ವಸಂತದಲ್ಲಿ ಪರೀಕ್ಷೆಗೆಂದು ಬಂದ ಆನಿ ಹದಿನೇಳು ವರ್ಷಗಳವರೆಗೆ, ನಡುವೆ ಕೆಲಕಾಲ ಬಿಟ್ಟು, ಅದರ ಮುಖ್ಯ ಆಕರ್ಷಣೆಯಾಗಿ ಉಳಿದಳು.

ಹೊಸಬಳ ಮೈಯಲ್ಲಿ ಬಂದೂಕಿನ ಭಾರ ತಡೆಯುವ ಶಕ್ತಿ ಇದೆಯೇ ಎಂಬುದು ಕೋಡಿಯ ಅನುಮಾನವಾಗಿತ್ತು. ಅದಕ್ಕೆ ಉತ್ತರ ಆಗಲೇ ಸಿದ್ಧವಿತ್ತು. ಅದೇ ವರ್ಷದ ಆರಂಭದಲ್ಲಿ ಆಕೆ ಸಿನ್ಸಿನಾಟಿಯಲ್ಲಿ ಒಂದೇ ದಿನ ಮೂರು ಬಂದೂಕುಗಳಿಂದ, ಯಂತ್ರ ಚಿಮ್ಮಿಸಿದ 5,000 ಗಾಜಿನ ಚೆಂಡುಗಳಿಗೆ ಗುರಿಯಿಟ್ಟು 4,772ನ್ನು ಒಡೆದಿದ್ದಳು. ಒಂಬತ್ತು ತಾಸಿನ ಕೆಲಸ. ಬಂದೂಕಿಗೆ ಕಾಡತೂಸು ತುಂಬಿದ್ದೂ ತಾನೇ.

ಆ ಗಾಜಿನ ಚೆಂಡುಗಳ ಬಗ್ಗೆ ಒಂದು ಮಾತು. ಅದಕ್ಕೂ ಹಿಂದೆ ಗುರಿಪಂದ್ಯಗಳಲ್ಲಿ ಹೊಡೆಯುತ್ತಿದ್ದುದು ಜೀವಂತ ಪಾರಿವಾಳಗಳನ್ನು. ಗಾಜಿನ ಚೆಂಡು ಬಂದಾಗ ಹಕ್ಕಿಗಳ ಪ್ರಾಣ ತಕ್ಕಮಟ್ಟಿಗೆ ಉಳಿಯಿತು, ಆದರೆ ಮೈದಾನ ಚೂರುಗಾಜಿನಿಂದ ತುಂಬಿತು. ಆ ಬಳಿಕ ಬಂದದ್ದು ಮಣ್ಣಿನ ಬಿಲ್ಲೆ. ಇಂದು ಒಲಿಂಪಿಕ್ಸ್‌ನಲ್ಲಿ ಹಾರುವ ಬಿಲ್ಲೆಗಳಿಗೆ ಗುರಿಯಿಡುವವರೆಲ್ಲ ಈ ವಂಶದವರೇ. ವೈಲ್ಡ್ ವೆಸ್ಟ್ ಪ್ರದರ್ಶನದಲ್ಲಿ ಸುತ್ತ ಸಾವಿರಾರು ಜನ ಕುಳಿತಿರುವಾಗ ಒಂಟಿ ಗುಂಡು ಹಾರಿಸಿದರೆ ಅದು ಎಲ್ಲಿ ಹೋಗಿ ಬೀಳುವುದೋ ಎಂಬ ಭಯವಿತ್ತು. ಹಾಗಾಗಿ ಕೆಲವು ಆಟಗಳಿಗೆ ದೂರ ಹೋಗದ ಸಣ್ಣ ಚರೆಗಳನ್ನು ತುಂಬುತ್ತಿದ್ದರು. ಇದನ್ನು ಮೋಸವೆಂದು ಆಡಿಕೊಂಡವರೂ ಉಂಟು. ಆಟ ಚರೆಯಿಂದ ಸುಲಭವಾಗುತ್ತದೆ ನಿಜ. ಆದರೆ ಅಂಚು ಮಾತ್ರ ಕಾಣುವಂತೆ ಹಿಡಿದ ಇಸ್ಪೀಟೆಲೆಯನ್ನು ಮೂವತ್ತು ಹೆಜ್ಜೆ ದೂರದಿಂದ ರೈಫಲ್ಲಿನಿಂದ ಸೀಳುವುದಕ್ಕೆ ಚರೆಯ ನೆರವು ಇರಲಿಲ್ಲ.

ಅಂಗಳಕ್ಕೆ ಆಕೆ ನಡೆದು ಬರುತ್ತಿರಲಿಲ್ಲ, ಕುಣಿಯುತ್ತ ಓಡಿಬರುತ್ತಿದ್ದಳು. ಕನ್ನಡಿಯಲ್ಲಿ ನೋಡುತ್ತ ಹೆಗಲ ಮೇಲಿಂದ ಹಿಂದಕ್ಕೆ ಹೊಡೆಯುವುದು, ಮೇಜು ಹಾರಿ ಬಂದೂಕೆತ್ತಿ ಗಾಳಿಯಲ್ಲಿರುವ ಚೆಂಡು ಒಡೆಯುವುದು, ತಮ್ಮ ನಾಯಿ ಜಾರ್ಜ್‌ನ ತಲೆಯ ಮೇಲಿಟ್ಟ ಸೇಬನ್ನು ಹಾರಿಸುವುದು. ಗುರಿ ತಪ್ಪಿದರೆ ಮುಖ ಊದಿಸಿ ಕಾಲು ಅಪ್ಪಳಿಸುವಳು, ತಾಗಿದರೆ ಹೊರಡುವಾಗ ಒಂದು ಪುಟ್ಟ ಒದೆತ ಒದೆಯುವಳು. ಈ ತಪ್ಪುಗಳಲ್ಲಿ ಕೆಲವು ಬೇಕೆಂದೇ ಮಾಡಿದವೆಂದು ಬಲ್ಲವರು ಹೇಳುತ್ತಾರೆ. ಎಂದೂ ತಪ್ಪದವಳನ್ನು ಜನ ಬೇಗ ಮರೆಯುತ್ತಾರೆ ಎಂಬುದು ಆಕೆಗೆ ಗೊತ್ತಿತ್ತು.

ಬೇಕೆಂದೇ ಮಾಡದ ಎಡವಟ್ಟುಗಳಿಗೂ ಬರವಿರಲಿಲ್ಲ. 1886ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ದ್ವೀಪದಲ್ಲಿ ಬೀಡುಬಿಟ್ಟಿದ್ದಾಗ ಕಿವಿಯೊಳಕ್ಕೆ ಹುಳು ಹೊಕ್ಕಿತು. ಅಂದು ನಗರದಲ್ಲಿ ಮೆರವಣಿಗೆ. ತನ್ನ ಹೆಸರು ಬರೆದ ಕುದುರೆಯ ಹೊದಿಕೆ ಖಾಲಿ ಹೋಗಬಾರದೆಂದು ಜ್ವರದಲ್ಲೇ ಕುದುರೆ ಹತ್ತಿ ಮೆರವಣಿಗೆ ಮುಗಿಸಿದಳು, ಹಿಂತಿರುಗುವಾಗ ಇಳಿಸಿಕೊಳ್ಳಬೇಕಾಯಿತು. ರಕ್ತಕ್ಕೆ ನಂಜೇರಿ ಕೆಲವು ದಿನ ಉಳಿಯುವುದೇ ಕಷ್ಟವಾಗಿತ್ತು. ಅದೇ ವರ್ಷ ಕಂಪನಿಗೆ ಬಂದು ಸೇರಿದ ಲಿಲಿಯನ್ ಸ್ಮಿತ್ ಎಂಬ ಹದಿನೈದರ ಹುಡುಗಿ ಆನಿಯ ಕಾಲ ಮುಗಿಯಿತೆಂದು ಸಾರತೊಡಗಿದಳು. ಆ ಸುಮಾರಿನಲ್ಲೇ ಆನಿಯ ವಯಸ್ಸಿನಿಂದ ಆರು ವರ್ಷ ಮಾಯವಾದವು. ಹುಟ್ಟಿದ್ದು 1866ರಲ್ಲಿ ಎಂದು ಹೇಳಿಕೊಳ್ಳತೊಡಗಿದಳು. ಸತ್ಯಕ್ಕಾಗಿ ಏಳು ವರ್ಷ ಕೋರ್ಟು ಹತ್ತಿದವಳ ಒಂದೇ ಒಂದು ಸುಳ್ಳು ಇದು, ಕ್ಷಮಿಸಬಹುದು.

ಮೂಲನಿವಾಸಿಗಳ ನಾಯಕ ಸಿಟ್ಟಿಂಗ್ ಬುಲ್ ಆಕೆಯ ಆಟವನ್ನು 1884ರಲ್ಲಿ ಮಿನ್ನೆಸೋಟಾದಲ್ಲಿ ಕಂಡು ಮಗಳೆಂದು ದತ್ತು ಸ್ವೀಕರಿಸಿದ್ದ. ತಪ್ಪದ ಗುರಿಯ ಪುಟ್ಟಿ ಎಂಬ ಅರ್ಥದ ಹೆಸರನ್ನೂ ಇಟ್ಟ. ಅಮೆರಿಕದ ಸೈನ್ಯವನ್ನು ಎದುರಿಸಿದ್ದ ಆ ಮುದುಕ 1885ರಲ್ಲಿ ಒಂದು ಹಂಗಾಮು ಕಂಪನಿಯ ಜೊತೆ ತಿರುಗಿದ. ಐದು ವರ್ಷದ ನಂತರ, 1890ರ ಡಿಸೆಂಬರಿನಲ್ಲಿ, ಬಂಧಿಸಲು ಬಂದ ಪೊಲೀಸರ ಗುಂಡಿಗೆ ಬಲಿಯಾದ.

ಲಂಡನ್ನಿನಲ್ಲಿ ನಿಜಾಮರ ಪ್ರತಿನಿಧಿಯೂ ಇದ್ದರು

1887 ವಿಕ್ಟೋರಿಯಾ ರಾಣಿಯ ಸುವರ್ಣ ಮಹೋತ್ಸವದ ವರ್ಷ. ಕಲಬುರಗಿ ಸೀಮೆ ಆಗ ಹೈದರಾಬಾದ್ ಸಂಸ್ಥಾನದ್ದು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಪಟ್ಟದಲ್ಲಿದ್ದರು. ಕಲಬುರಗಿಯ ಮಹಬೂಬ್ ಗುಲ್ಶನ್ ಉದ್ಯಾನ, 1884ರಲ್ಲಿ ಆರಂಭವಾದ ಮಹಬೂಬ್ ಶಾಹಿ ಗಿರಣಿ ಅವರ ಹೆಸರಿನವೇ. ನಿಜಾಮರು ಸ್ವತಃ ಪ್ರಸಿದ್ಧ ಹುಲಿಬೇಟೆಗಾರರು. ಅವರ ಪರವಾಗಿ ಮಹೋತ್ಸವಕ್ಕೆ ಲಂಡನ್ನಿಗೆ ಹೋದವರು ಸರ್ ಆಸ್ಮಾನ್ ಜಾ. ಜಗತ್ತಿನ ರಾಜಮನೆತನಗಳೆಲ್ಲ ಅಲ್ಲಿ ನೆರೆದಿದ್ದ ಅದೇ ಬೇಸಿಗೆಯಲ್ಲಿ ಅರ್ಲ್ಸ್ ಕೋರ್ಟ್ ಮೈದಾನದಲ್ಲಿ ವೈಲ್ಡ್ ವೆಸ್ಟ್ ನಡೆಯಿತು. ಪತಿಯ ಮರಣಾನಂತರ ಸಾರ್ವಜನಿಕ ಪ್ರದರ್ಶನಗಳಿಂದ ದೂರವೇ ಉಳಿದಿದ್ದ ರಾಣಿ ಮೇ 11ರಂದು ಬಂದು ನೋಡಿದಳು, ಆನಿಯನ್ನು ಹತ್ತಿರ ಕರೆದು ಮಾತಾಡಿಸಿದಳು. ಯುವರಾಜ ದಂಪತಿ ಬಂದಾಗ ಆನಿ ಮೊದಲು ಕೈ ಕುಲುಕಿದ್ದು ಯುವರಾಜನನ್ನಲ್ಲ, ಅವನ ಪತ್ನಿ ಅಲೆಕ್ಸಾಂಡ್ರಾಳನ್ನು. ದರಬಾರಿನ ಶಿಷ್ಟಾಚಾರಕ್ಕೆ ಇದು ಲೋಪ. ಹಳ್ಳಿ ಹೆಣ್ಣಿನ ಕಣ್ಣಿಗೆ ಅದೇ ಸರಿ.

ಆದರೆ ಇಂಗ್ಲೆಂಡಿನ ಮೊದಲ ಪಂದ್ಯಗಳು ಆಕೆಯ ಮಾನ ಕಳೆಯುವಂತಿದ್ದವು. ಲಂಡನ್ನಿನ ಗನ್ ಕ್ಲಬ್ಬಿನಲ್ಲಿ ಬಿಡುತ್ತಿದ್ದ ಪಾರಿವಾಳಗಳು ಅಮೆರಿಕದವುಗಳಿಗಿಂತ ಸಣ್ಣವು, ಬಲು ಚುರುಕು. ಹೆಚ್ಚಿನವು ತಪ್ಪಿಸಿಕೊಂಡವು. ದೋಷ ಕಣ್ಣಿನದಲ್ಲ, ಬಂದೂಕಿನದು ಎಂದು ಕಂಡುಹಿಡಿದದ್ದು ಚಾರ್ಲ್ಸ್ ಲ್ಯಾಂಕಾಸ್ಟರ್ ಎಂಬ ಬಂದೂಕು ತಯಾರಕ ಸಂಸ್ಥೆಯವರು. ಆಕೆಯ ತೂಕದ ಬಂದೂಕು ಮೈಗೆ ಒಗ್ಗುತ್ತಿರಲಿಲ್ಲ. ದರ್ಜಿ ಅಳತೆ ತೆಗೆದಂತೆ ತೋಳು, ಕುತ್ತಿಗೆಯ ಅಳತೆಗೆ ಹೊಂದುವ ಹಗುರ ಬಂದೂಕು ಮಾಡಿಕೊಟ್ಟರು. ಜೂನ್ ತಿಂಗಳಲ್ಲಿ ಅದೇ ಕ್ಲಬ್ಬು ಆಕೆಗೆ ಚಿನ್ನದ ಪದಕ ಕೊಟ್ಟಿತು. ರಷ್ಯಾದ ಗ್ರ್ಯಾಂಡ್ ಡ್ಯೂಕ್ ಮೈಕೇಲ್ ಪಂದ್ಯಕ್ಕೆ ಕರೆದು, ಐವತ್ತರಲ್ಲಿ 47 ಹೊಡೆದ ಆನಿಯ ಮುಂದೆ ಹೀನಾಯವಾಗಿ ಸೋತ. ಸಾರ್ವಜನಿಕವಾಗಿ ಹೆಂಗಸಿಗೆ ಸೋತ ರಾಜಕುಮಾರನ ಸುದ್ದಿ ಲಂಡನ್ನಿಗೆ ಬಹಳ ದಿನ ಮೇವಾಯಿತು.

ಕೋಡಿಗೂ ಆಕೆಗೂ ನಡುವೆ ಏನೋ ಬಿರುಕಾಗಿ 1887ರ ಕೊನೆಗೆ ಆನಿ ಕಂಪನಿ ಬಿಟ್ಟಳು. ಬರ್ಲಿನ್ನಿಗೆ ಹೋಗಿ ಜರ್ಮನ್ ರಾಜಕುಮಾರ ವಿಲ್ಹೆಲ್ಮನ ಎದುರು ಆಡಿದಳು. ಮುಂದೆ ಕೈಸರ್ ಆದ ಆತನ ಸಿಗರೇಟಿನ ಬೂದಿಯನ್ನು ಗುಂಡಿಟ್ಟು ಹಾರಿಸಿದಳೆಂದೂ, ಮೊದಲ ಮಹಾಯುದ್ಧ ಶುರುವಾದ ಮೇಲೆ ಅಂದು ಗುರಿ ತಪ್ಪಿದ್ದರೆ ಚೆನ್ನಾಗಿತ್ತೆಂದು ಹಳಹಳಿಸಿದಳೆಂದೂ ದಂತಕಥೆ. ಕೋಡಿಯೊಡನೆ ರಾಜಿಯಾಗಿ 1889ರಲ್ಲಿ ಪ್ಯಾರಿಸ್ಸಿಗೆ ಹೋದಾಗ ಸೆನೆಗಲ್ ಕಡೆಯ ರಾಜನೊಬ್ಬ ಆಕೆಯನ್ನು ಕೊಂಡೊಯ್ಯಲು ಬಟ್ಲರನಿಗೆ ಒಂದು ಲಕ್ಷ ಫ್ರಾಂಕ್ ಕೊಡಲು ಮುಂದಾದನಂತೆ. ತನ್ನ ನಾಡಿನಲ್ಲಿ ಜನರನ್ನು ತಿನ್ನುವ ಹುಲಿಗಳನ್ನು ಕೊಲ್ಲಿಸಲು ಎಂಬುದು ಆತನ ವಿವರಣೆ. ಆಫ್ರಿಕದಲ್ಲಿ ಹುಲಿಗಳೇ ಇಲ್ಲ ಎಂಬುದು ಕಥೆ ಬರೆದ ಪತ್ರಕರ್ತರಿಗೆ ಹೊಳೆದಂತಿಲ್ಲ.

ಪತ್ರಿಕೆಗಳು ಆಕೆಯನ್ನು ಒಮ್ಮೆ ಕೊಂದೂ ಇದ್ದವು. 1890ರ ಕೊನೆಯಲ್ಲಿ ಆನಿ ಅರ್ಜೆಂಟೀನಾದಲ್ಲಿ ತೀರಿಕೊಂಡಳೆಂಬ ಸುದ್ದಿ ಎಲ್ಲೆಡೆ ಅಚ್ಚಾಯಿತು. ಯೂರೋಪಿನಲ್ಲಿ ಆರೋಗ್ಯವಾಗಿದ್ದ ಆಕೆ ತನ್ನ ಸಾವಿನ ವರದಿಯನ್ನು ತಾನೇ ಓದಿದಳು. ಓಹಾಯೊದ ತಾಯಿ ಅತ್ತು ಸೊರಗಿದ್ದಳು. ಆಗ ಅದನ್ನು ನಕ್ಕು ಮರೆತದ್ದಾಯಿತು. ಮುಂದಿನ ಸುಳ್ಳನ್ನು ಮರೆಯಲಾಗಲಿಲ್ಲ.

ಹೆಸರಿಗಾಗಿ ಏಳು ವರ್ಷ

1894ರಲ್ಲಿ ಎಡಿಸನ್ ತನ್ನ ಹೊಸ ಯಂತ್ರದ ಮುಂದೆ ಆಕೆಯನ್ನು ನಿಲ್ಲಿಸಿ ಚಲನಚಿತ್ರ ತೆಗೆದ. ಬಂದೂಕಿನ ಹೊಗೆ, ಒಡೆಯುವ ಗಾಜಿನ ಚೆಂಡು ಅದರಲ್ಲಿ ಕಾಣುವುದೇ ಎಂಬುದು ಆತನ ಕುತೂಹಲ. 1898ರಲ್ಲಿ ಸ್ಪೇನ್ ವಿರುದ್ಧ ಯುದ್ಧದ ಮೋಡ ಕವಿದಾಗ ಐವತ್ತು ಮಹಿಳಾ ಗುರಿಕಾರರ ತಂಡ ಕಟ್ಟಿಕೊಡುವೆನೆಂದು ಅಧ್ಯಕ್ಷ ಮೆಕಿನ್ಲಿಗೆ ಪತ್ರ ಬರೆದಳು. ಅದು ಕಡತದಲ್ಲೇ ಉಳಿಯಿತು. 1901ರ ಅಕ್ಟೋಬರ್ 29ರ ಬೆಳಗಿನ ಜಾವ ಉತ್ತರ ಕೆರೊಲಿನಾದಲ್ಲಿ ಕಂಪನಿಯ ರೈಲು ಎದುರಿನಿಂದ ಬಂದ ಗಾಡಿಗೆ ಡಿಕ್ಕಿ ಹೊಡೆಯಿತು. ನೂರರಷ್ಟು ಕುದುರೆಗಳು ಸತ್ತವು. ಆನಿ ಪೆಟ್ಟು ತಿಂದು ಕಂಪನಿ ಬಿಟ್ಟಳು. ಆಕೆಯ ಕಂದು ಕೂದಲು ಆ ಸುಮಾರಿಗೆ ಪೂರ್ತಿ ಬೆಳ್ಳಗಾಗಿತ್ತು.

ಎರಡು ವರ್ಷದ ಬಳಿಕ, 1903ರ ಆಗಸ್ಟ್ 11ರಂದು, ವಿಲಿಯಂ ರಾಂಡೊಲ್ಫ್ ಹರ್ಸ್ಟ್‌ನ ಒಡೆತನದ ಶಿಕಾಗೋ ಪತ್ರಿಕೆಯೊಂದು ವರದಿ ಮಾಡಿತು. ಕೊಕೇನ್ ಚಟಕ್ಕೆ ಬಿದ್ದ ಆನಿ ಓಕ್ಲಿ ಅದಕ್ಕೆ ಕಾಸು ಹೊಂದಿಸಲು ಒಬ್ಬನ ಪ್ಯಾಂಟು ಕದ್ದು ಜೈಲು ಸೇರಿದ್ದಾಳೆ ಎಂಬುದು ಅದರ ಸಾರ. ಹಿಂದಿನ ಚೆಲುವೆಲ್ಲ ಅಳಿದು ನೋಡಲಾಗದಂತಾಗಿದ್ದಾಳೆ ಎಂಬ ಮರುಕದ ವರ್ಣನೆ ಬೇರೆ. ತಂತಿಯ ಮೂಲಕ ಸುದ್ದಿ ಒಂದೆರಡು ದಿನಗಳಲ್ಲಿ ದೇಶದ ಮೂಲೆ ಮೂಲೆಯ ಪತ್ರಿಕೆಗಳಿಗೆ ಹೋಯಿತು, ಬಂದಂತೆಯೇ ಅಚ್ಚಾಯಿತು. ಯಾವ ಸಂಪಾದಕನೂ ಆಕೆಯನ್ನಾಗಲಿ, ಪರಿಚಿತರನ್ನಾಗಲಿ ಕೇಳಿ ನೋಡಲಿಲ್ಲ.

ಬಂಧಿತಳಾದವಳು ಬೇರೊಬ್ಬಳು. ಅಗ್ಗದ ಹಾಸ್ಯನಾಟಕಗಳಲ್ಲಿ ಆನಿಯ ಅಣಕುವೇಷ ಹಾಕಿ, ಹೆಸರನ್ನೂ ಅಣಕಿಸಿ ಎನಿ ಓಕ್ಲಿ ಎಂದು ಕರೆದುಕೊಂಡಿದ್ದ ನಟಿ. ಆಕೆಗೆ ಇಪ್ಪತ್ತೆಂಟು, ನಿಜವಾದ ಆನಿಗೆ ಆಗ ನಲವತ್ಮೂರು ತುಂಬುತ್ತಿತ್ತು. ಒಂದು ವಿಚಾರಣೆ, ಒಂದು ತಂತಿ ಸಾಕಿತ್ತು. ಸುಳ್ಳು ಬಯಲಾದ ಮೇಲೆ ಹಲವು ಪತ್ರಿಕೆಗಳು ಒಳಪುಟಗಳಲ್ಲಿ ವಿಷಾದ ಸೂಚಿಸಿ ಕೈತೊಳೆದುಕೊಂಡವು. ಅಲ್ಲಿಗೆ ಮುಗಿಯಿತೆಂದೇ ಎಲ್ಲರೂ ತಿಳಿದಿದ್ದರು.

ಆನಿ ಮುಗಿಯಗೊಡಲಿಲ್ಲ. ಒಂದಲ್ಲ, ಎರಡಲ್ಲ, 55 ಪತ್ರಿಕೆಗಳ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿದಳು. 1904ರಿಂದ 1910ರವರೆಗೆ ಊರಿಂದೂರಿಗೆ ಅಲೆದು ಕಟಕಟೆಯಲ್ಲಿ ನಿಂತಳು. ಪ್ರದರ್ಶನಗಳು ಮೂಲೆಗೆ ಬಿದ್ದವು, ಗಳಿಕೆ ನಿಂತಿತು. ಬಂದೂಕು ಹಿಡಿದು ಸಾರ್ವಜನಿಕರ ಮುಂದೆ ಲಾಗ ಹಾಕುವ ಹೆಣ್ಣಿಗೆ ಕಳೆದುಕೊಳ್ಳಲು ಎಂಥ ಮಾನ ಎಂಬುದು ಎದುರು ವಕೀಲರ ಪ್ರಶ್ನೆಗಳ ಒಳದನಿ. ಲಂಗ ಎಷ್ಟು ಉದ್ದ, ಕುಣಿಯುವಾಗ ಏನು ಕಾಣುತ್ತಿತ್ತು ಎಂಬಂಥ ವಿಚಾರಣೆಗಳೂ ನಡೆದವು. ಕುದುರೆಯನ್ನು ಒಂದೇ ಬದಿಗೆ ಕಾಲಿಟ್ಟು ಏರುತ್ತಿದ್ದ, ಗಂಡಸರಂತೆ ಷರಾಯಿ ತೊಡಲು ಎಂದೂ ಒಪ್ಪದಿದ್ದ ಹೆಣ್ಣು ಅದನ್ನೂ ಕೇಳಿಸಿಕೊಂಡಳು. ಹರ್ಸ್ಟ್‌ನ ಕಡೆಯವರು ಪತ್ತೇದಾರನೊಬ್ಬನನ್ನು ಡಾರ್ಕ್ ಕೌಂಟಿಗೇ ಕಳಿಸಿ ಆಕೆಯ ಹಿಂದಿನ ಬದುಕಿನಲ್ಲಿ ಕೊಳೆ ಹುಡುಕಿಸಿದರು. ಆತ ಬರಿಗೈಯಲ್ಲಿ ಮರಳಿದ.

ಐವತ್ತೈದರಲ್ಲಿ 54 ಮೊಕದ್ದಮೆಗಳು ಆಕೆಯ ಪರವಾದವು. ಕೆಲವು ತೀರ್ಪಿನಿಂದ, ಕೆಲವು ರಾಜಿಯಿಂದ. ಹರ್ಸ್ಟ್ ಒಬ್ಬನೇ ತೆತ್ತದ್ದು 27,500 ಡಾಲರ್. ಹಾಗೆಂದು ಆಕೆ ಶ್ರೀಮಂತಳಾಗಲಿಲ್ಲ. ಪ್ರಯಾಣ, ವಕೀಲರ ಶುಲ್ಕ, ಕೈಬಿಟ್ಟ ಪ್ರದರ್ಶನಗಳ ಲೆಕ್ಕ ಹಿಡಿದರೆ ಬಂದದ್ದೆಲ್ಲ ಬಂದ ಹಾಗೆಯೇ ಹೋಗಿತ್ತು. ಒಂದು ಗುಂಡಿ ಒತ್ತಿ ತಪ್ಪು ಸುದ್ದಿಯನ್ನು ಅಳಿಸಿ ಮುಂದೆ ಸಾಗುವ ಇಂದಿನ ಸುದ್ದಿಮನೆಗಳಲ್ಲಿ ಈ ಲೆಕ್ಕವನ್ನು ಗೋಡೆಗೆ ತೂಗುಹಾಕಿದರೆ ನಷ್ಟವೇನಿಲ್ಲ.

ಕಡೆಯ ಸುತ್ತು

1911ರಿಂದ ಎರಡು ವರ್ಷ ಇನ್ನೊಂದು ಪ್ರದರ್ಶನ ಕಂಪನಿಯಲ್ಲಿ ದುಡಿದು 1913ರಲ್ಲಿ ಮೇರಿಲ್ಯಾಂಡಿನ ಕೇಂಬ್ರಿಜ್‌ನಲ್ಲಿ ಮನೆ ಕಟ್ಟಿಕೊಂಡರೂ ಮನೆಯಲ್ಲಿ ಕೂರುವ ಜಾಯಮಾನ ಆಕೆಯದಾಗಿರಲಿಲ್ಲ. ಉತ್ತರ ಕೆರೊಲಿನಾದ ಪೈನ್‌ಹರ್ಸ್ಟ್ ವಿಹಾರಧಾಮದಲ್ಲಿ ಹೆಂಗಸರಿಗೆ ಬಂದೂಕು ಕಲಿಸಿದಳು. ಹೆಣ್ಣು ತನ್ನನ್ನು ತಾನು ಕಾಯಬಲ್ಲವಳಾಗಬೇಕು ಎಂಬುದು ಆಕೆಯ ನಿಲುವು. ಆದರೆ ಹೆಂಗಸರ ಮತದಾನದ ಹಕ್ಕಿನ ಚಳವಳಿಗೆ ಬಹಿರಂಗವಾಗಿ ದನಿಗೂಡಿಸಲಿಲ್ಲ. ಇದು ಇಂದಿನ ಅಭಿಮಾನಿಗಳಿಗೆ ನುಂಗಲಾರದ ತುತ್ತು. ಮೊದಲ ಮಹಾಯುದ್ಧದಲ್ಲಿ ಮಹಿಳಾ ದಳ ಕಟ್ಟುವ ಕೋರಿಕೆ ಮತ್ತೆ ತಳ್ಳಿಹೋದಾಗ, ಸೈನಿಕ ಶಿಬಿರಗಳಿಗೆ ತಾನೇ ಹೋಗಿ ಆಟ ತೋರಿಸಿದಳು. ಜೊತೆಗಿದ್ದ ನಾಯಿ ಡೇವ್, ಜನ ಕರವಸ್ತ್ರದಲ್ಲಿ ಸುತ್ತಿ ಬಚ್ಚಿಟ್ಟ ಹಣವನ್ನು ಮೂಸಿ ಹುಡುಕುತ್ತಿತ್ತು. ಸಿಕ್ಕ ಹಣ ರೆಡ್ ಕ್ರಾಸ್‌ಗೆ. ಗೆದ್ದ ಚಿನ್ನದ ಪದಕಗಳನ್ನು ಕರಗಿಸಿ ಬಂದ ದುಡ್ಡನ್ನೂ ದಾನ ಮಾಡಿದಳು.

1922ರಲ್ಲಿ, ಅರವತ್ತೆರಡರ ವಯಸ್ಸಿನಲ್ಲಿ, ಹದಿನಾರು ಗಜದಿಂದ ಒಂದೂ ತಪ್ಪದೆ ನೂರು ಮಣ್ಣಿನ ಬಿಲ್ಲೆಗಳನ್ನು ಒಡೆದಳು. ಆ ವರ್ಷದ ನವೆಂಬರಿನಲ್ಲಿ ಫ್ಲೋರಿಡಾದಲ್ಲಿ ಕಾರು ಉರುಳಿ ಸೊಂಟ, ಪಾದದ ಗಂಟಿನ ಮೂಳೆ ಮುರಿದವು. ಕಾಲಿಗೆ ಉಕ್ಕಿನ ಪಟ್ಟಿ ಬಿತ್ತು. ಮರುವರ್ಷ ಡೇವ್ ಕಾರಿನ ಚಕ್ರಕ್ಕೆ ಸಿಕ್ಕಿ ಸತ್ತಿತು. ಉಕ್ಕಿನ ಪಟ್ಟಿಯ ಕಾಲಿನಲ್ಲೇ ಆಕೆ ಮತ್ತೆ ಗುರಿ ಹಿಡಿದು ನಿಂತಳು. ರಕ್ತಹೀನತೆಯ ಕಾಯಿಲೆ ಮೈಗೆ ಹತ್ತುವ ತನಕ ಬಂದೂಕು ಕೈಬಿಡಲಿಲ್ಲ.

ಉಚಿತ ಪ್ರವೇಶದ ಟಿಕೆಟುಗಳನ್ನು ಗುರುತಿಗಾಗಿ ತೂತು ಮಾಡುವುದು ಅಮೆರಿಕದ ನಾಟಕಶಾಲೆ, ಸರ್ಕಸ್ಸುಗಳ ರೂಢಿಯಾಗಿತ್ತು. ಗುಂಡು ತಾಗಿದ ಇಸ್ಪೀಟೆಲೆಯಂತೆ ಕಾಣುತ್ತಿದ್ದ ಆ ಟಿಕೆಟಿಗೆ ಜನ ಆನಿ ಓಕ್ಲಿ ಎಂದೇ ಹೆಸರಿಟ್ಟರು. ಆಕೆ ಬದುಕಿದ್ದಾಗಲೇ ಆ ಹೆಸರು ಆಡುಮಾತಿಗೆ ಸೇರಿತ್ತು.

1926ರ ನವೆಂಬರ್ 3ರಂದು, ಒಂದು ಕಾಲಕ್ಕೆ ಹಕ್ಕಿ ಮಾರಿದ್ದ ಅದೇ ಗ್ರೀನ್‌ವಿಲ್‌ನಲ್ಲಿ ಆನಿ ತೀರಿಕೊಂಡಳು. ಬೇರೊಂದು ಊರಿನಲ್ಲಿ ಹಾಸಿಗೆ ಹಿಡಿದಿದ್ದ ಬಟ್ಲರ್ ಆ ಬಳಿಕ ಊಟ ಬಿಟ್ಟನೆಂದು ಹೇಳುತ್ತಾರೆ. ಹದಿನೆಂಟು ದಿನಗಳ ನಂತರ ಆತನೂ ಹೋದ. ಇಬ್ಬರಿಗೂ ಡಾರ್ಕ್ ಕೌಂಟಿಯ ಬ್ರಾಕ್ ಎಂಬ ಹಳ್ಳಿಯ ಸ್ಮಶಾನದಲ್ಲಿ ಅಕ್ಕಪಕ್ಕ ಜಾಗ. ಕಲ್ಲಿನ ಮೇಲಿರುವುದು ತಂದೆಯ ಮನೆತನದ ಹೆಸರಲ್ಲ, ಗಂಡನದೂ ಅಲ್ಲ. ತಾನೇ ಇಟ್ಟುಕೊಂಡು, 55 ಪತ್ರಿಕೆಗಳೆದುರು ಉಳಿಸಿಕೊಂಡ ಹೆಸರು.